ಕವಿನ್ಯಾಳ ಮನೆಯಲ್ಲಿ ಮೂರು ಹೆಚ್ಚು

ಕಂಬಾ ಜನರ ನಾಡಾದ ಉಕಂಬಾನಿಯ ಗುಡ್ಡದ ಶಾಲೆಯಲ್ಲಿ ಸ್ಯೊಂಬುವಾ ಟೀಚರು ಇಪ್ಪತ್ತೆರಡು ವರ್ಷ ಎರಡನೇ ಕ್ಲಾಸಿಗೆ ಗಣಿತ ಹೇಳಿದರು. ಕೂಡುವುದನ್ನು ಮಕ್ಕಳು ಬೇಗ ಕಲಿಯುತ್ತಿದ್ದವು. ‘ಮುಟೆತಿಯ ಹತ್ತಿರ ನಾಲ್ಕು ಮಾವಿನಹಣ್ಣು, ಕವಿನ್ಯಾಳ ಹತ್ತಿರ ಅವನಿಗಿಂತ ಮೂರು ಹೆಚ್ಚು, ಕವಿನ್ಯಾಳ ಹತ್ತಿರ ಎಷ್ಟು?’ ಎಂದರೆ ಮಾತ್ರ ಇಡೀ ಕ್ಲಾಸು ‘ಮೂರು!’ ಎಂದು ಕಿರುಚುತ್ತಿತ್ತು. ಈ ಹಾಳು ಹೋಲಿಕೆಯ ಲೆಕ್ಕ ಟೀಚರ ಅರ್ಧ ಆಯುಷ್ಯ ತಿಂದಿತ್ತು.

ಒಂದು ಮಧ್ಯಾಹ್ನ ಅವರ ತಾಳ್ಮೆ ಕೆಟ್ಟಿತು. “ಹಣ್ಣು ಬಿಡ್ರೋ, ತಿನ್ನೋದ್ರ ಮೇಲೇ ನಿಮ್ಮ ಕಣ್ಣು. ಮುಟೆತಿ, ನಿಮ್ಮನೇಲಿ ಮಕ್ಕಳೆಷ್ಟೋ?”

ಹುಡುಗ ನೆಲ ನೋಡಿದ. ಕಂಬಾ ಜನ ಮನೆಯ ಮಕ್ಕಳನ್ನು ಎಣಿಸುವುದಿಲ್ಲ. ಎಣಿಸಿದರೆ ಸಾವಿಗೆ ದಾರಿ ತೋರಿಸಿದಂತೆ. ಚಿಕ್ಕಂದಿನಲ್ಲಿ ತಂಗಿಯರನ್ನು ಬೆರಳಿಟ್ಟು ಎಣಿಸಿ ಟೀಚರೂ ಅಮ್ಮನಿಂದ ಪೆಟ್ಟು ತಿಂದವರೇ. ಆದರೆ ಅಂದು ಅವರಿಗೆ ಸರಿಯುತ್ತರದ ಹಟ.

“ನಿಮ್ಮಲ್ಲಿ ನಾಲ್ಕು, ನಂಗೇ ಗೊತ್ತು. ಕವಿನ್ಯಾ ಮನೇಲಿ ಅದಕ್ಕಿಂತ ಮೂರು ಜಾಸ್ತಿ.” ಆ ಎರಡು ಮನೆಗಳ ಮಕ್ಕಳ ಬದಲಿಗೆ ಕ್ಲಾಸಿನ ಮಕ್ಕಳನ್ನು ಎರಡು ಸಾಲು ನಿಲ್ಲಿಸಿ ಜೋಡಿ ಜೋಡಿಯಾಗಿ ಕೈ ಹಿಡಿಸಿದರು. ಕವಿನ್ಯಾಳ ಸಾಲಿನಲ್ಲಿ ಜೊತೆಯಿಲ್ಲದೆ ಮೂವರು ಉಳಿದರು. “ಹಾಗಾದ್ರೆ ಕವಿನ್ಯಾ ಮನೇಲಿ?”

“ಏಳು!” ನಲವತ್ತು ಮಕ್ಕಳು ಒಟ್ಟಿಗೆ ಕೂಗಿದವು. ಕವಿನ್ಯಾಳದೇ ಎಲ್ಲರಿಗಿಂತ ಜೋರು. ಟೀಚರು ಹಿಗ್ಗಿಹೋದರು.

ಹನ್ನೆರಡನೆಯ ದಿನ ಕವಿನ್ಯಾಳ ಕೊನೆಯ ತಮ್ಮ ಮಲೇರಿಯಾದಲ್ಲಿ ತೀರಿಹೋದ. ಆ ಮನೆಯಿಂದ ಬರುತ್ತಿದ್ದ ನಾಲ್ವರೂ ಶಾಲೆ ಬಿಟ್ಟರು. ಮಕ್ಕಳನ್ನು ಕಳಿಸಿ ಎಂದು ಕೇಳಲು ಟೀಚರು ಒಂದು ಪೊಟ್ಟಣ ಸಕ್ಕರೆ ಹಿಡಿದು ಹೋದರು. ಕವಿನ್ಯಾಳ ತಾಯಿ, ಕಟುಂಗೆ ಎಂಬಾಕೆ, ಅದನ್ನು ಮುಟ್ಟಲಿಲ್ಲ.

“ಅದು ಸೊಳ್ಳೆಯಿಂದ ಬಂದ ಜ್ವರ ಕಣಮ್ಮಾ. ಲೆಕ್ಕದಿಂದ ಯಾರೂ ಸಾಯಲ್ಲ,” ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

“ಜ್ವರ ಅಂತ ನಂಗೂ ಗೊತ್ತು ಟೀಚರೇ, ನಾನೇನು ದಡ್ಡಿ ಅಲ್ಲ. ಜ್ವರ ಎಲ್ಲರ ಮನೆಗೂ ಬರುತ್ತೆ. ಈ ಮನೇಲಿ ಬೇಕಾದಷ್ಟಿವೆ, ಒಂದು ಹೋದ್ರೆ ನಡೆಯುತ್ತೆ ಅಂತ ಅದಕ್ಕೆ ಕೂಗಿ ಹೇಳಿದ್ದು ಯಾರು?”

ಬಾಗಿಲ ಹಿಂದಿನಿಂದ ಬಿಕ್ಕುವುದು ಕೇಳಿಸಿತು. “ಕೂಗಿದ್ದು ನಾನಮ್ಮಾ. ನಾನೇ ಜೋರಾಗಿ ಕೂಗಿದ್ದು,” ಎಂದಳು ಕವಿನ್ಯಾ.

ವಾದ ಮಾಡುತ್ತಿದ್ದ ಟೀಚರು ಅಂಗಳದಲ್ಲೇ ಮಂಡಿಯೂರಿದರು. “ಇಲ್ಲ ಮಗಳೇ, ನೀನಲ್ಲ. ಎಣಿಸಿದ್ದು ನಾನು. ನನ್ನಿಂದಲೇ ಹೋಗಿದ್ದು ನಿನ್ನ ತಮ್ಮ.”

ಮಗು ಅಳು ನಿಲ್ಲಿಸಿತು. ಕಟುಂಗೆ ಬಾಗಿಲು ಹಾಕಿಕೊಂಡಳು. ಆ ಮನೆಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.