ಬಿರುಕು ಬಿಟ್ಟ ಶಕುಹಾಚಿ

ಶಾಂತಿಯ ವಾದ್ಯವಂತೆ! ಜಪಾನಿನ ಸನ್ಯಾಸಿಗಳು ಈ ಬಿದಿರಿನ ಕೊಳಲನ್ನು ಧ್ಯಾನಕ್ಕೆಂದೇ ಊದುತ್ತಿದ್ದರು ಎಂದು ನಮ್ಮ ಅಕ್ಕೋರು ಮೊದಲ ದಿನವೇ ಹೇಳಿದ್ದರು. ಧಾರವಾಡದ ಕಡೆಯವರು, ಗಂಡನ ನೌಕರಿಯಿಂದಾಗಿ ಬಹಳ ವರ್ಷ ಜಪಾನಿನಲ್ಲಿದ್ದವರು. ಈಗ ಮಣಿಕೊಂಡದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಜನರಿಗೆ ಶಕುಹಾಚಿ ಕಲಿಸುತ್ತಿದ್ದರು. ಎಲ್ಲ ತೂತು ಮುಚ್ಚಿ ‘ರೊ’ ಎಂಬ ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಊದುವುದು, ತಿಂಗಳುಗಟ್ಟಲೆ ಅದೇ ಪಾಠ. ಉಳಿದವರ ಮನಸ್ಸು ತಿಳಿಯಾಗುತ್ತಿತ್ತೋ ಏನೋ, ನನಗೆ ಮಾತ್ರ ಊದಿದಾಗಲೆಲ್ಲ ನನ್ನ ಮ್ಯಾನೇಜರನ ಮುಖವೇ ಕಾಣುತ್ತಿತ್ತು.

ಗಚ್ಚಿಬೌಲಿಯ ಆಫೀಸಿನಲ್ಲಿ ನಾನು ಆರು ತಿಂಗಳು ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಮೈಸೂರಿನ ಆ ಮಹಾನುಭಾವ ದೊಡ್ಡವರ ಮುಂದೆ ತನ್ನದೆಂದು ತೋರಿಸಿ ಬಡ್ತಿ ಹೊಡೆದುಕೊಂಡಿದ್ದ. ಅಷ್ಟು ಸಾಲದೆಂದು, ಊಟದ ಹೊತ್ತಿನಲ್ಲಿ ನಾನು ಕೊಳಲಿನ ಬಗ್ಗೆ ಆಡಿದ ಮಾತು ಕೇಳಿ ಅಕ್ಕೋರ ಪಾಠಕ್ಕೂ ಬಂದು ಕೂತ. ನನ್ನದು ಕಲಿಯುವವರ ಪ್ಲಾಸ್ಟಿಕ್ ಕೊಳಲು. ಅವನು ತರಿಸಿದ್ದು ಜಪಾನಿನ ಅಸಲಿ ಬಿದಿರಿನದು. ನನಗೆ ಮೈಯೆಲ್ಲ ಉರಿಯಿತು.

ಅಕ್ಕೋರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸಬರಿಗೆ ಕೊಳಲಿನ ಆರೈಕೆ ತಿಳಿಸುವುದು ಮೊದಲು ಬಂದವರ ಹೊಣೆ. ‘ಎಲ್ಲಾ ತಿಳಿಸಿ ಹೇಳವ್ವಾ, ಭಾಳ ನಾಜೂಕ ಐತಿ ಅದು’ ಎಂದು ಅವನನ್ನು ನನಗೊಪ್ಪಿಸಿದರು. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಬೇಕೆಂದು ಹೇಳಿಕೊಟ್ಟೆ. ಒಣಹವೆಗೆ ಬಿದಿರು ಸೀಳುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು, ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಲೇಬಾರದು ಎಂಬುದನ್ನೆಲ್ಲ ನುಂಗಿಕೊಂಡೆ. ಮರೆತಿದ್ದಲ್ಲ. ಏಪ್ರಿಲ್ ಬರಲಿ ಮಗನೇ, ಅಂದುಕೊಂಡೆ.

ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಆಫೀಸಿನ ಮುಂದಿನ ಬಯಲಿನಲ್ಲಿ ಅವನ ಕಾರು ಉರಿಬಿಸಿಲಿಗೆ ನಿಂತಿತ್ತು, ಹಿಂದಿನ ಸೀಟಿನ ಮೇಲೆ ಕೊಳಲು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಹೋಗಿ ಹೊಟ್ಟೆ ತುಂಬ ಬಿರಿಯಾನಿ ತಿಂದೆ.

ಆ ಭಾನುವಾರ ಅವನು ‘ರೊ’ ಊದಿದರೆ ಬರೀ ಗಾಳಿ. ಬಾಯಿಯ ಕಡೆಯಿಂದ ಅರ್ಧದವರೆಗೆ ಕೊಳಲು ಸೀಳಿತ್ತು. ಅಕ್ಕೋರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

‘ಬಿಸಲಾಗ ಇಡಬಾರದಂತ ನಿಮಗ ಯಾರೂ ಹೇಳಲಿಲ್ಲೇನ್ರಿ?’

ಅವನು ನನ್ನತ್ತ ನೋಡಿದ. ನಾನು ಹೇಳದೇ ಬಿಟ್ಟಿದ್ದೆನೆಂದು ಅವನಿಗೆ ಗೊತ್ತಾಗಿತ್ತು. ‘ಇವರು ಹೇಳಿದ್ರು ಮೇಡಂ. ನಾನೇ ಮರ್ತುಬಿಟ್ಟೆ’ ಎಂದ, ದೊಡ್ಡ ಮನಸ್ಸಿನವನ ಹಾಗೆ.

ಅಯ್ಯೋ ಇವನ! ನನ್ನ ಕೆಲಸ ತನ್ನದೆಂದಿದ್ದ. ಈಗ ನಾನು ತೀರಿಸಿಕೊಂಡ ಸೇಡನ್ನೂ ತನ್ನ ಮರೆವು ಎನ್ನುತ್ತಾನೆ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಉಳಿಯುತ್ತಿದ್ದೆ. ಆದರೆ ಇದೊಂದನ್ನು ಅವನಿಗೆ ಬಿಟ್ಟುಕೊಡುವುದು ನನ್ನಿಂದಾಗಲಿಲ್ಲ.

‘ಸುಳ್ಳು ಅಕ್ಕೋರ! ನಾ ಹೇಳೇ ಇಲ್ಲ. ಬೇಕಂತನ ಹೇಳಲಿಲ್ಲ. ಕಾರಿನ್ಯಾಗ ಬಿದ್ದಿದ್ದೂ ಕಣ್ಣಾರೆ ನೋಡೀನಿ.’

ಅವನ ಮುಖ ಬಿಳಿಚಿತು. ನನಗೆ ಬೇಕಾಗಿದ್ದುದು ಆ ಮುಖವೇ. ಅಕ್ಕೋರು ನನ್ನ ಕೊಳಲನ್ನು ಒರೆಸಿ, ಚೀಲಕ್ಕೆ ಹಾಕಿ ಕೈಗಿಟ್ಟರು.

‘ಇನ್ನ ಮ್ಯಾಲೆ ನೀ ಬರಬ್ಯಾಡವ್ವಾ.’

ಇದನ್ನು ಕಲಿಸುವವರು ಈ ಊರಲ್ಲಿ ಬೇರೆ ಯಾರೂ ನನಗೆ ಗೊತ್ತಿಲ್ಲ. ಮೆಟ್ಟಿಲಿಳಿಯುವಾಗ ಅಳು ಒತ್ತರಿಸಿ ಬಂತು. ಆದರೂ ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಿತ್ತು.