ಹೊಸಿಲ ಮೇಲಿನ ಮೊಟ್ಟೆ

ಮೊಟ್ಟೆಗೆ ಅರಿಶಿನ ಕುಂಕುಮ ಹಚ್ಚುವ ಯೋಚನೆ ನನ್ನದೇ. ಹುಟ್ಟಿದಾಗಿನಿಂದ ಮೊಟ್ಟೆಯನ್ನು ಬಾಯಿಗಿಡದವಳು ನಾನು. ನಮ್ಮ ಅಡುಗೆಮನೆಯೊಳಗೆ ಅದು ಬಂದದ್ದೂ ಇಲ್ಲ. ಆದರೆ ಮಹಡಿಯ ಮನೆಗೆ ಬಾಡಿಗೆಗೆ ಬಂದ ಟೀಚರಮ್ಮ, ತಮ್ಮಲ್ಲಿ ಈಸ್ಟರ್ ಹಬ್ಬದ ಬೆಳಿಗ್ಗೆ ಬಣ್ಣದ ಮೊಟ್ಟೆಗಳನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುತ್ತಾರೆ ಎಂದು ಹೇಳಿದಾಗ, ಅರವತ್ತು ದಾಟಿದ ನನಗೂ ಆಡುವ ಆಸೆಯಾಯಿತು. ಅವರ ಪುಟ್ಟ ಮಗಳಿಗೆ ಹೊಸಹಳ್ಳಿಯ ನಮ್ಮ ಕ್ರಾಸಿನಲ್ಲಿ ಇನ್ನೂ ಜೊತೆಗಾರರಿರಲಿಲ್ಲ. ನಮ್ಮ ಕಾಂಪೌಂಡಿನಲ್ಲೇ ಮಾಡೋಣ, ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆಯುತ್ತೇನೆ ಎಂದೆ.

"ನಿಮ್ಮನೇಲಿ ಮೊಟ್ಟೆ ಅಂದ್ರೆ…" ಎಂದು ಅವರು ಅನುಮಾನಿಸಿದರು.

"ತಿನ್ನಲ್ಲ ಅಂದಿದೀನಿ. ಬಚ್ಚಿಡಲ್ಲ ಅಂತ ಯಾವಾಗ ಅಂದೆ?"

ಶನಿವಾರ ಸಂಜೆ ತಾರಸಿಯಲ್ಲಿ ಕೂತೆವು. ಟೀಚರಮ್ಮ ಬೇಯಿಸಿ ತಂದ ಮೊಟ್ಟೆಗಳು ಬುಟ್ಟಿಯಲ್ಲಿ ಇನ್ನೂ ಬೆಚ್ಚಗಿದ್ದವು. ಅಂಗಡಿಯ ಬಣ್ಣ ನಮ್ಮ ಕೈಗೆ ಹತ್ತಿತೇ ಹೊರತು ಮೊಟ್ಟೆಗೆ ಹತ್ತಲಿಲ್ಲ. ಕೆಳಗಿಳಿದು ಅರಿಶಿನ, ಕುಂಕುಮ ತಂದೆ. ಅರಿಶಿನವನ್ನು ಕಲಸಿ ಬಳಿದು, ಊದುಬತ್ತಿಯ ಕಡ್ಡಿಯಿಂದ ಕುಂಕುಮದ ಚುಕ್ಕಿ ಇಟ್ಟೆ. ಜೀವಮಾನವೆಲ್ಲ ಹೊಸಿಲಿಗೆ ಹಚ್ಚಿದ ಕೈ ತಾನಾಗಿ ಓಡಿತು. ಮೊಟ್ಟೆ ಅಂಗೈಯಲ್ಲಿ ಅಷ್ಟು ಹಿತವಾಗಿ ಕೂರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೊಂಗೆಯ ಹೂ ಸುಮ್ಮನೆ ಉದುರುತ್ತಿತ್ತು. ದೂರದಲ್ಲಿ ಮೆಟ್ರೋ ದೀಪ ಹಚ್ಚಿಕೊಂಡು ಮನೆಗಳ ನೆತ್ತಿಯ ಮೇಲೆ ತೇಲಿ ಹೋಯಿತು. ಹುಡುಗಿ ಒಂದೊಂದೇ ಮೊಟ್ಟೆಯನ್ನು ಉಫ್ ಉಫ್ ಎಂದು ಊದಿ ಒಣಗಿಸುತ್ತಿದ್ದಳು. ಆ ಸಂಜೆ ಮುಗಿಯದೆ ಹಾಗೇ ಇದ್ದುಬಿಡಲಿ ಅನ್ನಿಸಿತ್ತು.

ಎಲ್ಲೆಲ್ಲಿ ಇಡುವುದೆಂದು ಅವಳೂ ನಾನೂ ಗುಟ್ಟಾಗಿ ಮಾತಾಡಿಕೊಂಡೆವು. ಕ್ರೋಟನ್ ಕುಂಡದ ಹಿಂದೆ, ಚಪ್ಪಲಿ ಸ್ಟ್ಯಾಂಡಿನಲ್ಲಿ, ಸಂಪಿನ ಮುಚ್ಚಳದ ಪಕ್ಕ. ತುಳಸಿ ಕಟ್ಟೆ ಮಾತ್ರ ಬೇಡ ಎಂದೆ.

"ಅಜ್ಜಿ, ಎದುರುಮನೆ ಅಕ್ಕ ಬರ್ತಾರಾ?"

ಎದುರುಮನೆಯ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಡಾಕ್ಟರು ಮಲಗಿಯೇ ಇರಬೇಕು ಎಂದಿದ್ದರು. ಕಿಟಕಿಯಿಂದ ಈ ಪುಟ್ಟಿಗೆ ಕೈಬೀಸುವುದೇ ಅವಳಿಗೆ ಹೊತ್ತು ಕಳೆಯುವ ದಾರಿ.

"ಅಕ್ಕ ಓಡಾಡೋ ಹಾಗಿಲ್ಲ ಕಣೇ" ಎಂದೆ. ಹುಡುಗಿ ಎದುರುಮನೆಯ ಕಿಟಕಿಯತ್ತ ಒಮ್ಮೆ ನೋಡಿ, ಕೈಯಲ್ಲಿದ್ದ ಮೊಟ್ಟೆಯನ್ನು ಮತ್ತೆ ಊದತೊಡಗಿದಳು.

ಭಾನುವಾರ ಮಕ್ಕಳು ಎಳೆಬಿಸಿಲಿನಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಂದರು. ಹಳದಿ ಮೊಟ್ಟೆಗಳು ಎಲೆಗಳ ನಡುವಿನಿಂದ ಒಂದೊಂದಾಗಿ ಹೊರಬಂದವು. ನಾನು ಮೆಟ್ಟಿಲ ಮೇಲೆ ಕೂತು ಕನಸಿನಲ್ಲಿ ನೋಡುವವಳಂತೆ ನೋಡುತ್ತಿದ್ದೆ. ಅಷ್ಟರಲ್ಲಿ ಎದುರುಮನೆಯಿಂದ ಚೀರಾಟ ಕೇಳಿತು.

"ಅಯ್ಯೋ! ಯಾರೋ ಮಾಟ ಮಾಡಿ ಇಟ್ಟವ್ರೆ! ಬಸುರಿ ಇರೋ ಮನೆ ಬಾಗ್ಲಲ್ಲಿ!"

ಓಡಿದೆ. ಅವರ ಹೊಸಿಲ ನಟ್ಟನಡುವೆ, ರಂಗೋಲಿಯ ಪಕ್ಕ, ನಾನೇ ಚುಕ್ಕಿ ಇಟ್ಟ ಮೊಟ್ಟೆ. ಇಂಥದ್ದು ಮೂರು ದಾರಿ ಕೂಡುವಲ್ಲಿ ಬಿದ್ದಿದ್ದರೆ ನಾನೇ ದಾಟದೆ ಸುತ್ತಿಕೊಂಡು ಹೋಗುತ್ತೇನೆ. ಬಸುರಿಯ ತಾಯಿ ಬಾಗಿಲ ಹೊರಗೆ ನಿಂತು ಎದೆ ಬಡಿದುಕೊಳ್ಳುತ್ತಿದ್ದರು. ಒಳಗೆ ಮಗಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಪುಟ್ಟಿ ನನ್ನ ಸೆರಗು ಜಗ್ಗಿದಳು. "ನಾನೇ ಇಟ್ಟಿದ್ದು ಅಜ್ಜಿ. ಅಕ್ಕಂಗೆ ಹುಡ್ಕೋಕಾಗಲ್ವಲ್ಲ."

ಅದನ್ನೇ ಗಟ್ಟಿಯಾಗಿ ಹೇಳಿದೆ. ತಾಯಿ ಒಪ್ಪಲಿಲ್ಲ. "ಮಗೂಗೇನು ಗೊತ್ತು? ಅದ್ರ ಕೈಲಿ ಇಡ್ಸಿದ್ದು ಯಾರು?" ಎಂದು ಟೀಚರಮ್ಮನತ್ತ ನೋಡಿದರು. ಬೇರೆ ಮನೆಗಳವರು ಮಕ್ಕಳ ಕೈಯಿಂದ ಮೊಟ್ಟೆ ಕಿತ್ತು ಎಸೆಯತೊಡಗಿದ್ದರು. ಟೀಚರಮ್ಮ ಮಗಳನ್ನು ಅವಚಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಅದಕ್ಕೆ ಹಚ್ಚಿರೋದು ನಮ್ಮ ದೇವರಮನೆ ಕುಂಕುಮ ಕಣ್ರೀ!"

"ಮುಟ್ಬೇಡಿ!" ಎಂದು ತಾಯಿ ಕಿರುಚುವಷ್ಟರಲ್ಲಿ ಮೊಟ್ಟೆ ನನ್ನ ಕೈಯಲ್ಲಿತ್ತು. ಗೇಟಿನ ಕಂಬಕ್ಕೆ ಕುಟ್ಟಿದೆ. ಸಿಪ್ಪೆ ಸುಲಿದೆ. ಕಣ್ಣು ಮುಚ್ಚಿ ಅರ್ಧ ಕಚ್ಚಿದೆ.

ಏನು ಹೇಳಲಿ. ಬಿಳಿಯದು ನಾಲಿಗೆಯ ಮೇಲೆ ಜಾರಿತು, ಹಳದಿಯದು ಗಂಟಲಲ್ಲಿ ಕೂತುಬಿಟ್ಟಿತು. ಆದರೂ ಅಗಿದೆ, ನುಂಗಿದೆ. ಕ್ರಾಸಿಗೆ ಕ್ರಾಸೇ ನನ್ನ ಬಾಯಿ ನೋಡುತ್ತಿತ್ತು.

"ಆಂಟಿ, ನೀವು ಮೊಟ್ಟೆ ತಿನ್ನಲ್ಲ ಅಲ್ವಾ?" ಒಳಗಿನಿಂದ ಮಗಳ ದನಿ.

ಇಲ್ಲವೆಂದು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ಅಸಹ್ಯಕ್ಕೆ ಬಂದದ್ದು ಸ್ವಲ್ಪ. ಉಳಿದದ್ದೆಲ್ಲ ಆ ಬಸುರಿಯ ಬಿಳಿಚಿದ ಮುಖ ನೋಡಿ ಬಂದದ್ದು.

ಅವಳು ಗೋಡೆ ಹಿಡಿದು ಮೆಲ್ಲಗೆ ಬಾಗಿಲಿಗೆ ಬಂದು ಕೈ ಚಾಚಿದಳು. "ಉಳಿದಿದ್ದು ಕೊಡಿ."

"ಬೇಡ ಕಣೇ!" ಎಂದರು ತಾಯಿ.

"ಎಂಜಲಾಗಿದೆ ಕಣಮ್ಮ" ಎಂದೆ ನಾನು.

ಇಬ್ಬರ ಮಾತನ್ನೂ ಅವಳು ಕೇಳಲಿಲ್ಲ. ಬಾಯಿಗೆ ಹಾಕಿಕೊಂಡು, ಒಂದು ಕೈ ಹೊಟ್ಟೆಯ ಮೇಲಿಟ್ಟು, ನಿಧಾನವಾಗಿ ಅಗಿದಳು. ಮುಖಕ್ಕೆ ಬಣ್ಣ ಮರಳುವುದನ್ನು ನಾನು ನೋಡುತ್ತ ನಿಂತೆ. ಆಮೇಲೆ ಅವಳು ಟೀಚರಮ್ಮನ ಸೆರಗಿನ ಹಿಂದೆ ಅಡಗಿದ್ದ ಪುಟ್ಟಿಯನ್ನು ಕಣ್ಣಲ್ಲೇ ಹುಡುಕಿ ಕರೆದಳು.

"ಏ ಪುಟ್ಟೀ, ನಂಗೂ ಒಂದು ಸಿಕ್ತು ಕಣೇ."