ಅಡುಗೆಮನೆ ಪೇಶಂಟು

ನಮ್ಮಕ್ಕ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್. ಅಂದ್ರೆ ನರ್ಸಿಂಗ್ ಮುಗಿಸಿ, ಅದರ ಮೇಲೆ ಇನ್ನೂ ಓದಿ, ಮನಸ್ಸಿನ ಕಾಯಿಲೆ ಇರೋರನ್ನ ನೋಡಿ ತಾನೇ ಮಾತ್ರೆ ಬರೆಯೋ ಕೆಲಸ. ಇಲ್ಲಿ ಅಮೆರಿಕದಲ್ಲಿ ನಮ್ಮೋರು ಮನೆಗೊಂದು ಅಡುಗೆ ತಂದು ಸೇರೋ ಪಾಟ್‌ಲಕ್‌ಗಳಲ್ಲಿ ಇದನ್ನ ಎಷ್ಟು ಬಿಡಿಸಿ ಹೇಳಿದ್ರೂ ಕೊನೆಗೆ "ಓ, ಹಾಗಾದ್ರೆ ಡಾಕ್ಟರ್ ಅಲ್ವಾ" ಅಂತಾರೆ. ಆಮೇಲೆ ಅದೇ ಜನ ಒಬ್ಬೊಬ್ಬರೇ ಅಡುಗೆಮನೆಗೆ ಬಂದು, ಸಿಂಕ್ ಹತ್ರ ನಿಂತು, ನಿದ್ದೆ ಬರ್ತಿಲ್ಲ ಅಂತ ಅವಳ ಕಿವೀಲಿ ಹೇಳ್ತಾರೆ.

ನಾನು ಕಂಪ್ಯೂಟರ್ ಓದಿದೋನು. ಆದ್ರೆ ಚಿಕಿತ್ಸೇಲಿ ತಪ್ಪಾಯ್ತು ಅಂತ ಯಾರಾದ್ರೂ ಕೇಸ್ ಹಾಕಿದ್ರೆ ಕಾಪಾಡೋ ಈ ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್ ಅನ್ನೋದು ನಂಗೆ ಹುಚ್ಚು ಹಿಡಿಸಿಬಿಟ್ಟಿದೆ. ಡಬ್ಲಿನ್‌ನಿಂದ ಸ್ಯಾನ್ ಮಟಿಯೋ ಆಫೀಸಿಗೆ ಹೋಗ್ತಾ, ಬ್ರಿಜ್ ಮೇಲೆ ಟ್ರಾಫಿಕಲ್ಲಿ ಕೂತು ಲಾಯರ್‌ಗಳ ಪಾಡ್‌ಕಾಸ್ಟ್ ಕೇಳ್ತಾ ಕೇಳ್ತಾ ಕಲಿತಿದ್ದು. ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಕ್ಲಿನಿಕ್ ತಗೊಂಡಿರೋ ಪಾಲಿಸಿ ಮೊದಲು ಕಾಪಾಡೋದು ಕ್ಲಿನಿಕ್‌ನ. ನರ್ಸ್‌ನ ಕಾಪಾಡುತ್ತೆ, ಆದ್ರೆ ಅವಳು ಕ್ಲಿನಿಕ್ ಕೆಲಸ ಮಾಡ್ತಿದ್ದಾಗ ಮಾತ್ರ. ಲೈಸೆನ್ಸಿಗೇ ಕುತ್ತು ಬಂದ್ರೆ ವಾದ ಮಾಡೋಕೆ ಲಾಯರ್ ಬೇಕಲ್ಲ, ಅದು ಎಷ್ಟೋ ಸಲ ಅದರಲ್ಲಿ ಇರೋದೇ ಇಲ್ಲ. ಅದಕ್ಕೇ ತನ್ನದೇ ಒಂದು ಪಾಲಿಸಿ ಇರಬೇಕು ಅನ್ನೋದು.

ಇದನ್ನ ಅಕ್ಕಂಗೆ ಹೇಳಿದ್ದೆ. ಅವಳು ಹೋಗಿ ಅವಳ ಕ್ಲಿನಿಕ್ ಓನರ್‌ನ ಕೇಳಿದ್ಲು. ಆತ ಮೈಸೂರಿನ ಡಾಕ್ಟರು, ಲಾಸ್ ಗ್ಯಾಟೋಸ್‌ನಲ್ಲಿ ಗುಡ್ಡದ ಮೇಲೆ ಮನೆ. ಅಕ್ಕನ್ನ ಎಲ್ಲರ ಮುಂದೆ "ನಮ್ಮನೆ ಮಗಳು" ಅಂತಲೇ ಪರಿಚಯ ಮಾಡಿಸ್ತಿದ್ದದ್ದು.

"ಮನೆ ಒಳಗೆ ಯಾರಾದ್ರೂ ಛತ್ರಿ ಹಿಡ್ಕೊಂಡು ಓಡಾಡ್ತಾರೇನಮ್ಮಾ?" ಅಂದ್ರಂತೆ.

ಅಕ್ಕ ಮನೆಗೆ ಬಂದು ಇದನ್ನ ಹೇಳಿ ನಕ್ಕಳು. "ಸಾರ್ ಇದ್ದಾರೆ ಬಿಡೋ. ನಿಂದೊಂದು ಪಾಡ್‌ಕಾಸ್ಟು."

ಆಮೇಲೆ ಆಂಟಿ ವಿಷಯ ಬಂತು. ಆಂಟಿ ಅಂದ್ರೆ ಡಾಕ್ಟರ ಹೆಂಡತಿಯ ಸ್ನೇಹಿತೆ, ಡಬ್ಲಿನ್‌ನಲ್ಲಿ ಮನೆಯಲ್ಲೇ ಡೇಕೇರ್ ನಡೆಸ್ತಾರೆ. ಗಾಬರಿಗೆ ಅಂತ ಬೆಂಗಳೂರಿಂದ ಮಾತ್ರೆ ತರಿಸ್ಕೊಂಡು ವರ್ಷಗಟ್ಟಲೆ ನುಂಗ್ತಿದ್ರು. ಕ್ಲಿನಿಕ್ಕಿಗೆ ಬರಲ್ಲ. ರೆಕಾರ್ಡಲ್ಲಿ ಹೆಸರು ಬಂದ್ರೆ, ಮಕ್ಕಳನ್ನ ಬಿಡೋ ಅಪ್ಪ-ಅಮ್ಮಂದಿರಿಗೆ ಗೊತ್ತಾದ್ರೆ, ಡೇಕೇರ್ ಮುಚ್ಚಬೇಕಾಗುತ್ತೆ ಅಂತ ಭಯ.

"ಒಂಚೂರು ಹೋಗಿ ಮಾತಾಡಿಸ್ಕೊಂಡ್ ಬಾಮ್ಮ," ಅಂದ್ರು ಡಾಕ್ಟರು. "ಫೈಲ್ ಗೀಲ್ ಏನೂ ಬೇಡ. ನಮ್ಮೋರು."

ಅಕ್ಕ ಹೋದ್ಲು. ನಾನೇ ಡ್ರಾಪ್ ಮಾಡಿದ್ದು. ಮಧ್ಯಾಹ್ನ, ಮಕ್ಕಳೆಲ್ಲ ಚಾಪೆ ಮೇಲೆ ಮಲಗಿದ್ವು, ಇವರಿಬ್ಬರೂ ಅಡುಗೆಮನೇಲಿ ಪಿಸಪಿಸ ಮಾತು. ನಾನು ಪಕ್ಕದಲ್ಲೇ ಕೂತು ಚಕ್ಕುಲಿ ತಿಂತಿದ್ದೆ. ಅಕ್ಕ ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಆಂಟಿ, ಇದನ್ನ ಒಂದೇ ಸಲ ನಿಲ್ಲಿಸಬೇಡಿ. ಅಪಾಯ. ಒಬ್ಬ ಡಾಕ್ಟರ್ ಹತ್ರ ತೋರಿಸಿ, ನಿಧಾನವಾಗಿ ಕಮ್ಮಿ ಮಾಡ್ತಾರೆ."

ಆಂಟಿ ಒಂದೇ ಸಲ ನಿಲ್ಲಿಸಿದ್ರು. ಇಂಡಿಯನ್ ಗ್ರೋಸರಿ ಅಂಗಡೀಲಿ, ಅಕ್ಕಿ ಮೂಟೆ ಹತ್ರ ಫಿಟ್ಸ್ ಬಂದು ಬಿದ್ರು. ಮುಂದಿನ ಹಲ್ಲು ಮುರೀತು, ದವಡೆ ಬಿರುಕು ಬಿಡ್ತು. ಆಸ್ಪತ್ರೇಲಿ ಯಾರು ನಿಲ್ಲಿಸೋಕೆ ಹೇಳಿದ್ದು ಅಂತ ಗಂಡ ಕೇಳಿದಾಗ, "ಆ ನರ್ಸ್ ಹುಡುಗಿ" ಅಂದ್ರು. ಗಂಡ, ಲೈಸೆನ್ಸ್ ಕೊಡೋ ನರ್ಸಿಂಗ್ ಬೋರ್ಡಿಗೆ ಕಂಪ್ಲೇಂಟ್ ಕೊಟ್ಟ. ಅಕ್ಕನ ಲೈಸೆನ್ಸಿಗೇ ಕುತ್ತು ಬಂತು.

ಡಾಕ್ಟರು ಅಕ್ಕನ್ನ ರೂಮಿಗೆ ಕರೆದು, ತಮ್ಮ ಕೈಯಾರೆ ಕಾಫಿ ಮಾಡಿ ಕೊಟ್ಟು, ಒಬ್ಬ ಲಾಯರ್ ಜೊತೆ ವಿಡಿಯೋ ಕಾಲಲ್ಲಿ ಕೂರಿಸಿದ್ರು. ಯಾರು ಕಳಿಸಿದ್ದು, ಯಾಕೆ ಬರೆದಿಡಲಿಲ್ಲ, ನಮ್ಮಕ್ಕ ಎಲ್ಲಾ ಒಪ್ಪಿಸಿದ್ಲು. ಸಂಜೆ ನಂಗೆ ಫೋನ್ ಮಾಡಿ ಖುಷಿಯಾಗಿ ಹೇಳ್ತಾಳೆ, "ಲಾಯರ್ ತುಂಬ ಒಳ್ಳೆಯವರು ಕಣೋ."

"ಅವರು ಯಾರ ಲಾಯರ್ ಅಕ್ಕ?"

"ನಮ್ಮ ಕ್ಲಿನಿಕ್‌ದು."

"ನಿಂದಲ್ಲ."



ಅದಾದ ಮೇಲೆ ಕ್ಲಿನಿಕ್ ಇನ್ಶೂರೆನ್ಸ್‌ನೋರು ಹೇಳಿದ್ದು ಇಷ್ಟೇ. ಫೈಲ್ ಇಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ಹಾಗಾಗಿ ಆಕೆ ನಮ್ಮ ಪೇಶಂಟ್ ಅಲ್ಲ; ಇದು ಕ್ಲಿನಿಕ್ ಕೆಲಸ ಅಲ್ಲ, ನಮಗೆ ಸಂಬಂಧ ಇಲ್ಲ. ಬೋರ್ಡ್‌ನೋರು ತಿರುಗಿಸಿ ಹೇಳಿದ್ರು. ಮಾತ್ರೆ ಬಗ್ಗೆ ಸಲಹೆ ಕೊಟ್ಟಿದ್ದೀಯ, ಹಾಗಾಗಿ ಆಕೆ ನಿನ್ನ ಪೇಶಂಟೇ; ಹಾಗಿದ್ದಮೇಲೆ ಫೈಲ್ ಎಲ್ಲಿ? ಇನ್ಶೂರೆನ್ಸಿಗೆ ಪೇಶಂಟ್ ಅಲ್ಲ, ಬೋರ್ಡಿಗೆ ಪೇಶಂಟ್. ಒಂದೇ ಅಡುಗೆಮನೆ, ಒಂದೇ ಮಧ್ಯಾಹ್ನ. ನಾನು ಕೇಳಿಸ್ಕೊಂಡಿದ್ದೀನಿ ಅಂತ ಬರೆದು ಕೊಟ್ಟೆ. ತಮ್ಮ ಅಲ್ವಾ, ಅಕ್ಕನ ಪರವೇ ಹೇಳ್ತಾನೆ ಅಂತಾಯ್ತು.

ಡಾಕ್ಟರಂತೂ, "ನಾನು ಸ್ನೇಹಕ್ಕೆ ಮಾತಾಡಿಸು ಅಂದಿದ್ದು, ಟ್ರೀಟ್‌ಮೆಂಟ್ ಕೊಡು ಅಂದ್ನಾ?" ಅಂದ್ರು. ಆ ವಾರವೇ ಅಕ್ಕ ಬ್ಯಾಡ್ಜ್ ತೋರಿಸಿದ್ರೆ ಕ್ಲಿನಿಕ್ ಬಾಗಿಲು ತೆಗೀಲಿಲ್ಲ. ರಿಸೆಪ್ಷನ್ ಹುಡುಗಿ ಅವಳ ಲಂಚ್ ಬಾಕ್ಸನ್ನೂ ಸ್ವೆಟರನ್ನೂ ಹೊರಗೆ ತಂದು ಕೊಟ್ಟಳು.

ಕೊನೆಗೆ ಲೈಸೆನ್ಸ್ ಪೂರ್ತಿ ಹೋಗಲಿಲ್ಲ. ನಿಗಾ ಇಟ್ಟಿರ್ತೀವಿ ಅಂತ ಪ್ರೊಬೇಶನ್ ಹಾಕಿದ್ರು. ಅದು ಬೋರ್ಡಿನ ವೆಬ್‌ಸೈಟಲ್ಲಿ ಯಾರು ಹುಡುಕಿದ್ರೂ ಸಿಗುತ್ತೆ. ಇಂಟರ್ವ್ಯೂಗಳಲ್ಲಿ ಎಲ್ಲಾ ಚೆನ್ನಾಗಿ ಮಾತಾಡಿ ಕಳಿಸ್ತಾರೆ, ಆಮೇಲೆ ಫೋನೇ ಇಲ್ಲ. ಆಂಟಿ ಡೇಕೇರ್ ಮಾತ್ರ ಭರ್ತಿ ನಡೀತಿದೆ. ಅವರ ಹೆಸರು ಎಲ್ಲೂ ಇಲ್ಲವಲ್ಲ.

ಹೋದ ಗಣೇಶನ ಹಬ್ಬಕ್ಕೆ ಪರಿಚಯದೋರ ಮನೇಲಿ ಎಲ್ಲರೂ ಸೇರಿದ್ವಿ. ಅಕ್ಕ ಬರಲ್ಲ ಅಂದ್ಲು, ಅಮ್ಮ ಬಲವಂತ ಮಾಡಿ ಕರ್ಕೊಂಡ್ ಬಂದ್ರು. ಅವಳು ತಟ್ಟೆ ಹಿಡ್ಕೊಂಡು ಅಡುಗೆಮನೆ ಮೂಲೇಲಿ ನಿಂತಿದ್ಲು. ಆಂಟಿ ಸೀದಾ ಅಲ್ಲಿಗೇ ಬಂದ್ರು. ಹೊಸ ಹಲ್ಲು, ಬೆಳ್ಳಗೆ, ಚೆನ್ನಾಗಿ ಕೂತಿದೆ.

"ನನ್ನ ಮೇಲೆ ಕೋಪ ಇಲ್ಲ ತಾನೇ? ನಮ್ಮೆಜಮಾನ್ರು ಕೇಳಲಿಲ್ಲ ಕಣಮ್ಮ, ನಾನೇನ್ ಮಾಡ್ಲಿ." ಆಮೇಲೆ ದನಿ ತಗ್ಗಿಸಿ, "ಅದಿರ್ಲಿ, ಈಗ ಹೊಸ ಮಾತ್ರೆ ಕೊಟ್ಟಿದ್ದಾರೆ. ಊಟಕ್ಕೆ ಮುಂಚೆ ತಗೋಬೇಕಾ, ಆದ್ಮೇಲಾ?"

ಅಕ್ಕ ಕೋಸಂಬರಿ ಅಗಿಯೋದು ನಿಲ್ಲಿಸಿದ್ಲು. "ನಿಮ್ಮ ಡಾಕ್ಟರನ್ನ ಕೇಳಿ ಆಂಟಿ."

ಆಂಟಿ ಅವಳನ್ನ ಮೇಲಿಂದ ಕೆಳಗೆ ನೋಡಿ, ಪಾಯಸ ಬಡಿಸ್ತಿದ್ದೋರ ಕಡೆ ತಿರುಗಿದ್ರು.

"ನೋಡಿದ್ರಾ, ಇಷ್ಟು ಕೇಳಿದ್ದಕ್ಕೆ. ಕೆಲಸ ಹೋದ್ರೂ ಜಂಭ ಹೋಗಿಲ್ಲ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕರು, ಸ್ವಲ್ಪ.